ಆಯಿಲ್ ಬದಲಾವಣೆಯ ನಂತರದ ಬೈಕ್ ದೋಷಗಳು: ಪತ್ತೆ ಮತ್ತು ಪರಿಹಾರ

ದ್ವಿಚಕ್ರ ವಾಹನಗಳ ದುರಸ್ತಿ ಉದ್ಯಮಕ್ಕೆ ಇರಿಸುಮುರಿಸು ತರುವ ದೂರೊಂದಿದೆ: ‘ನಿನ್ನೆಯವರೆಗೆ ಸರಿಯಾಗಿದ್ದ ಬೈಕು ಆಯಿಲ್ ಬದಲಿಸಿದ ಮೇಲೆ ಕೆಟ್ಟಿದೆ’. ಇಂತಹ ಸಂದರ್ಭದಲ್ಲಿ ಗ್ರಾಹಕರೊಡನೆ ವಾದಕ್ಕಿಳಿಯುವುದಾಗಲೀ, ಕೂಡಲೇ ಎಂಜಿನ್ ಬಿಚ್ಚುವುದಾಗಲೀ ಉಚಿತವಲ್ಲ. ಆಯಿಲ್‌ನ ಪ್ರಮಾಣ, ಜೋಡಣೆ ಹಾಗೂ ದರ್ಜೆ, ಈ ಮೂರನ್ನು ಕ್ರಮವಾಗಿ ಪರಿಶೀಲಿಸಬೇಕು. ಎಂಜಿನ್ ಬಡಿಯುವ ಸದ್ದು ಮಾಡುತ್ತಿದ್ದರೆ ಅಥವಾ ಆಯಿಲ್ ಸೂಚಕ ದೀಪ ಆರದಿದ್ದರೆ ಚಾಲನೆಯನ್ನು ತಕ್ಷಣ ನಿಲ್ಲಿಸತಕ್ಕದ್ದು.

ಪ್ರಮಾಣ: ವಾಹನವನ್ನು ಸಮತಟ್ಟಾದ ನೆಲದ ಮೇಲೆ ನೇರವಾಗಿ ನಿಲ್ಲಿಸಿ, ತಯಾರಕರ ಕೈಪಿಡಿಯಲ್ಲಿ ಹೇಳಿದಂತೆ ಮಟ್ಟವನ್ನು ಅಳೆಯಬೇಕು. ಓರೆಯಾಗಿ ನಿಂತ ಬೈಕಿನಲ್ಲಿ ಅಳತೆ ತಪ್ಪುತ್ತದೆ. ಆಯಿಲ್ ಹೆಚ್ಚಾದರೆ ಅದು ಬ್ರೀದರ್ ಕೊಳವೆಯ ಮೂಲಕ ಏರ್ ಫಿಲ್ಟರ್ ಪೆಟ್ಟಿಗೆಗೆ ಸೇರಿ ನೀಲಿ ಹೊಗೆ ಬರಬಹುದು, ಎಳೆತವೂ ಕುಂದಬಹುದು. ಕಡಿಮೆಯಾದರೆ ಎಂಜಿನ್ ಅತಿಯಾಗಿ ಕಾಯುತ್ತದೆ.

ಜೋಡಣೆ: ಡ್ರೇನ್ ಬೋಲ್ಟಿನ ಹಳೆಯ ವಾಷರ್, ಫಿಲ್ಟರ್ ಮುಚ್ಚಳದ ಓ-ರಿಂಗ್ ಸೋರಿಕೆಯ ಮುಖ್ಯ ತಾಣಗಳು. ಸೋರಿಕೆ ತಡೆಯಲೆಂದು ಬೋಲ್ಟನ್ನು ಅತಿಯಾಗಿ ಬಿಗಿದರೆ ಅಲ್ಯೂಮಿನಿಯಂ ಕೇಸಿನ ಮರೆ ಹಾಳಾಗುತ್ತದೆ. ಕೆಲವು ಮಾದರಿಗಳಲ್ಲಿ ಫಿಲ್ಟರನ್ನು ತಿರುಗುಮುರುಗಾಗಿ ಕೂರಿಸಿದರೆ ಆಯಿಲ್ ಹರಿವಿಗೇ ಅಡ್ಡಿಯಾಗುತ್ತದೆ.

ದರ್ಜೆ: ಎಂಜಿನ್ ಶಬ್ದ ಏರಿದರೂ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ ಎಂದರ್ಥ. ಹೆಚ್ಚಿನ ಬೈಕುಗಳಲ್ಲಿ ಎಂಜಿನ್, ಗೇರ್, ಕ್ಲಚ್ ಮೂರಕ್ಕೂ ಒಂದೇ ಆಯಿಲ್. ಕಾರಿನ ಕೆಲವು ಆಯಿಲ್‌ಗಳಲ್ಲಿ ಘರ್ಷಣೆ ತಗ್ಗಿಸುವ ರಾಸಾಯನಿಕಗಳಿರುವುದರಿಂದ ಕ್ಲಚ್ ಪ್ಲೇಟುಗಳು ಹಿಡಿತ ಕಳೆದುಕೊಳ್ಳುತ್ತವೆ. ಗೇರ್ ಇರುವ ಬೈಕಿಗೆ ಡಬ್ಬಿಯ ಮೇಲೆ ಜಪಾನಿನ ‘ಜಾಸೊ ಎಂಎ’ ಅಥವಾ ‘ಎಂಎ2’ ಗುರುತಿರಬೇಕು. ‘ಎಂಬಿ’ ಗುರುತಿನದು ಗೇರ್‌ರಹಿತ ಸ್ಕೂಟರುಗಳಿಗೆ ಉದ್ದೇಶಿಸಿದ್ದು. ತಪ್ಪು ಆಯಿಲ್ ಹಾಕಿದ್ದರೆ ಪೂರ್ತಿ ಬಸಿದು ಸರಿಯಾದುದನ್ನು ತುಂಬಬೇಕು. ಆಗಲೂ ಜಾರಿದರೆ ಪ್ಲೇಟುಗಳನ್ನು ಪರೀಕ್ಷಿಸಬೇಕು.

2019ರ ಗ್ರಾಹಕ ಸಂರಕ್ಷಣಾ ಅಧಿನಿಯಮದಡಿ ಸೇವಾ ನ್ಯೂನತೆಗಾಗಿ ಗ್ರಾಹಕರು ಜಿಲ್ಲಾ ಆಯೋಗದ ಮೊರೆ ಹೋಗಬಹುದು. ಆದುದರಿಂದ ವಾಹನ ಒಪ್ಪಿಸಿಕೊಳ್ಳುವಾಗಲೇ ಇದ್ದ ಸದ್ದು, ಸೋರಿಕೆಗಳನ್ನು ಜಾಬ್ ಕಾರ್ಡಿನಲ್ಲಿಯೂ, ಹಾಕಿದ ಆಯಿಲ್‌ನ ದರ್ಜೆ ಹಾಗೂ ಪ್ರಮಾಣವನ್ನು ಬಿಲ್ಲಿನಲ್ಲಿಯೂ ನಮೂದಿಸುವುದು ಅವಶ್ಯ. ಆಯಿಲ್‌ನಲ್ಲಿ ಉಳಿಸಿದ ಕೆಲವು ರೂಪಾಯಿಗಳು ಒಂದು ಕ್ಲಚ್ ಸೆಟ್ಟಿನ ವೆಚ್ಚಕ್ಕೂ, ಕಳೆದುಕೊಂಡ ಗ್ರಾಹಕರ ವಿಶ್ವಾಸಕ್ಕೂ ಸಮನಾಗಲಾರವು.