ಪುರುಸೊತ್ತಿದ್ದವರ ಲಡಾಖ್

ಕಾಶಿ, ಬದರಿ, ಕೇದಾರಗಳನ್ನು ಮನೆಯ ಜವಾಬ್ದಾರಿ ಕಳೆದ ಮೇಲೆ ನೋಡುವ ಸ್ಥಳಗಳೆಂದು ನಮ್ಮ ಹಿರಿಯರು ಎಣಿಸಿಕೊಂಡು ಬಂದಿದ್ದಾರೆ. ಆ ಸಾಲಿನಲ್ಲಿ ಲಡಾಖ್ ಇಲ್ಲ. ಅದು ಬೈಕ್ ಏರಿ ಹೋಗುವ ಹುಡುಗರ ಜಾಗ ಎಂಬ ಭಾವನೆ ಬೇರೂರಿದೆ. ಮಕ್ಕಳ ಓದು, ಮದುವೆ, ಮನೆಸಾಲ ಎಂದು ಎರಡು ಮೂರು ದಶಕ ಆ ಆಸೆಯನ್ನು ಮುಂದೂಡಿದವರು ಕೊನೆಗೆ ನಿವೃತ್ತರಾದಾಗ, ‘ಈ ವಯಸ್ಸಿನಲ್ಲಿ ಅಷ್ಟು ಎತ್ತರಕ್ಕೆ ಯಾಕೆ’ ಎಂಬ ಒಂದೇ ಮಾತಿಗೆ ಹಿಂದೆಗೆಯುತ್ತಾರೆ. ಎತ್ತರದ ಬಗ್ಗೆ ಇರುವ ಭಯದಲ್ಲಿ ಹುರುಳಿದೆ; ವಯಸ್ಸಿನ ಬಗ್ಗೆ ಇರುವ ಭಯದಲ್ಲಿ ಅಷ್ಟು ಹುರುಳಿಲ್ಲ. ಲಡಾಖ್‌ನಲ್ಲಿ ಜನರನ್ನು ಹಾಸಿಗೆ ಹಿಡಿಸುವುದು ಹೆಚ್ಚಾಗಿ ಅವಸರ. ಐದಾರು ದಿನದ ರಜೆಯಲ್ಲಿ ಎಲ್ಲವನ್ನೂ ಮುಗಿಸಬೇಕಾದ ದುಡಿಯುವ ವಯಸ್ಸಿನವರಿಗೆ ಆ ಅವಸರ ತಪ್ಪದು. ನಿವೃತ್ತರಿಗೆ ಅದರ ಹಂಗಿಲ್ಲ. ಆದ್ದರಿಂದ ಎರಡು ವಾರ ಬಿಡುವಿದ್ದು, ಹೃದಯ ಮತ್ತು ಶ್ವಾಸಕೋಶ ಸುಸ್ಥಿತಿಯಲ್ಲಿರುವ ಅರವತ್ತು ದಾಟಿದವರಿಗೆ ಲಡಾಖ್ ಚೆನ್ನಾಗಿಯೇ ಒಪ್ಪುವ ಸ್ಥಳ.

ಬೆಟ್ಟವಲ್ಲ, ಬಯಲು

ಲಡಾಖ್ ಎಂದರೆ ಹತ್ತಿ ಇಳಿಯುವ ಶಿಖರವಲ್ಲ. ಸರಾಸರಿ 4,500 ಮೀಟರ್ ಎತ್ತರದ ಟಿಬೆಟ್ ಪ್ರಸ್ಥಭೂಮಿಯ ಪಶ್ಚಿಮದ ಅಂಚು ಅದು. ಸುಮಾರು 5 ಕೋಟಿ ವರ್ಷಗಳ ಹಿಂದೆ ಭಾರತದ ಭೂಫಲಕ ಏಷ್ಯಾಕ್ಕೆ ಡಿಕ್ಕಿ ಹೊಡೆದಾಗ ನಡುವಿದ್ದ ಟೆಥಿಸ್ ಸಮುದ್ರ ಮುಚ್ಚಿಹೋಯಿತು. ಅದರ ತಳದ ಕಲ್ಲುಗಳು ಇಂದು ಸಿಂಧೂ ನದಿಯ ಆಚೀಚಿನ ಗುಡ್ಡಗಳಲ್ಲಿ ಕಾಣುತ್ತವೆ. ಹಿಮಾಲಯದ ಗೋಡೆ ಮುಂಗಾರನ್ನು ದಕ್ಷಿಣದಲ್ಲೇ ತಡೆಯುವುದರಿಂದ ಲೇಹ್‌ನಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 100 ಮಿಲಿಮೀಟರ್ ಮಾತ್ರ. ಮರವಿಲ್ಲದ ಗುಡ್ಡಗಳು, ಹಿಮ ಕರಗಿದ ನೀರು ಹರಿದ ಕಡೆಯಲ್ಲಷ್ಟೇ ಬಾರ್ಲಿ ಹೊಲ ಮತ್ತು ಜರ್ದಾಳು ತೋಪು, ಬಂಡೆಯ ನೆತ್ತಿಯಲ್ಲಿ ಗೊಂಪಗಳೆಂಬ ಬೌದ್ಧ ಮಠಗಳು. ಎತ್ತರದ ಅಂದಾಜು ಸಿಗಬೇಕಾದರೆ ನಮ್ಮ ರಾಜ್ಯದ ಅತಿ ಎತ್ತರದ ಮುಳ್ಳಯ್ಯನಗಿರಿಯನ್ನು ನೆನೆಯಬೇಕು. ಅದರ ಎತ್ತರ 1,930 ಮೀಟರ್. ಲೇಹ್ ಪಟ್ಟಣ ಇರುವುದು ಸುಮಾರು 3,500 ಮೀಟರಿನಲ್ಲಿ. ಅಲ್ಲಿನ ಸಂತೆ, ಶಾಲೆ, ಹೊಲ ಎಲ್ಲವೂ ಆ ಮಟ್ಟದಲ್ಲೇ ಇವೆ. ಶಿಖರಕ್ಕೆ ಹೋದವರು ಸಂಜೆಗೆ ಕೆಳಗಿಳಿದು ಬಿಡುತ್ತಾರೆ. ಇಲ್ಲಿ ಊಟ, ನಿದ್ದೆ, ಓಡಾಟ ಎಲ್ಲವೂ ತೆಳುಗಾಳಿಯಲ್ಲೇ ನಡೆಯಬೇಕು.

ಗಾಳಿಯ ಲೆಕ್ಕ

ಎತ್ತರದಲ್ಲಿ ಆಮ್ಲಜನಕದ ಪ್ರಮಾಣ ಕಡಿಮೆ ಎನ್ನುವುದು ವಾಡಿಕೆ. ಆದರೆ ಗಾಳಿಯಲ್ಲಿ ಅದರ ಪಾಲು ಎಲ್ಲೆಡೆಯೂ ಶೇ 21ರಷ್ಟೇ. ಇಳಿಯುವುದು ಗಾಳಿಯ ಒತ್ತಡ. ಲೇಹ್‌ನಲ್ಲಿ ಅದು ಮಂಗಳೂರಿನ ಕಡಲತಡಿಯ ಒತ್ತಡದ ಮೂರನೇ ಎರಡು ಭಾಗದಷ್ಟು. 5,300 ಮೀಟರ್ ದಾಟಿದ ಖರ್ದುಂಗ್ ಲಾ ಕಣಿವೆದಾರಿಯಲ್ಲಿ ಸರಿಸುಮಾರು ಅರ್ಧ. ಪ್ರತಿ ಉಸಿರಿಗೂ ಸಿಗುವ ಆಮ್ಲಜನಕ ಅದೇ ಲೆಕ್ಕದಲ್ಲಿ ಕುಗ್ಗುತ್ತದೆ. ದೇಹ ಮೊದಲು ಉಸಿರಾಟವನ್ನು ಹೆಚ್ಚಿಸುತ್ತದೆ. ಇದರಿಂದ ಇಂಗಾಲದ ಡೈಆಕ್ಸೈಡ್ ಅತಿಯಾಗಿ ಹೊರಹೋಗಿ ರಕ್ತದ ಕ್ಷಾರತೆ ಏರುತ್ತದೆ. ಅದನ್ನು ಸರಿದೂಗಿಸುವ ಕೆಲಸ ಮೂತ್ರಪಿಂಡಗಳದ್ದು, ಮತ್ತು ಅವು ಆ ಕೆಲಸಕ್ಕೆ ಕೆಲವು ದಿನಗಳನ್ನೇ ತೆಗೆದುಕೊಳ್ಳುತ್ತವೆ. ಆ ದಿನಗಳನ್ನು ಕೊಡದೆ ಮೇಲೇರಿದರೆ ತಲೆನೋವು, ವಾಕರಿಕೆ, ನಿದ್ದೆಗೇಡು ಶುರುವಾಗುತ್ತವೆ; ಇದೇ ಪರ್ವತ ಕಾಯಿಲೆ. ಅದನ್ನೂ ಲೆಕ್ಕಿಸದೆ ಇನ್ನೂ ಏರಿದರೆ ಶ್ವಾಸಕೋಶದಲ್ಲಿ ನೀರು ತುಂಬಬಹುದು, ಮಿದುಳು ಊದಿಕೊಳ್ಳಬಹುದು, ಎರಡೂ ಪ್ರಾಣಾಂತಿಕ. ತಜ್ಞರು ಒಪ್ಪಿಕೊಂಡಿರುವ ನಿಯಮ ಸರಳ: 3,000 ಮೀಟರ್ ದಾಟಿದ ಮೇಲೆ, ಮಲಗುವ ಜಾಗದ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚಿಸಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಏರದೆ ನಿಲ್ಲಬೇಕು.

ಯೌವನ ಈ ಕಾಯಿಲೆಯಿಂದ ಪಾರುಮಾಡುತ್ತದೆಯೇ? ಇದಕ್ಕೆ ಲಡಾಖ್‌ನ ನೆಲವೇ ಉತ್ತರ ಕೊಟ್ಟಿದೆ. 1960ರ ದಶಕದಲ್ಲಿ ವಿಮಾನದಲ್ಲಿ ನೇರವಾಗಿ ಹಿಮಾಲಯದ ಎತ್ತರಕ್ಕೆ ಕೊಂಡೊಯ್ದ ಭಾರತೀಯ ಸೈನಿಕರಲ್ಲಿ ಕಾಣಿಸಿಕೊಂಡ ಪರ್ವತ ಕಾಯಿಲೆಯನ್ನು ಸೇನಾ ವೈದ್ಯರು ದಾಖಲಿಸಿ 1969ರಲ್ಲಿ ಪ್ರಕಟಿಸಿದರು. ಸುಮಾರು 1,900 ಪ್ರಕರಣಗಳ ಆ ವರದಿ ಇಂದಿಗೂ ಈ ವಿಷಯದ ಆಧಾರಗಳಲ್ಲೊಂದು. ಕಾಯಿಲೆ ಬಿದ್ದವರು ಕಟ್ಟುಮಸ್ತಾದ ಜವಾನರು. ಇಂದು ಸೇನೆ ತನ್ನವರನ್ನು ಮೂರು ಹಂತಗಳಲ್ಲಿ ಏರಿಸುತ್ತದೆ: 2,700ರಿಂದ 3,600 ಮೀಟರ್‌ವರೆಗೆ 6 ದಿನ, 4,500ರವರೆಗೆ 4 ದಿನ, ಅದರಾಚೆಗೆ ಮತ್ತೆ 4 ದಿನ. ಒಟ್ಟು 14 ದಿನ. ಇತ್ತ ವಯಸ್ಸಾದವರ ವಿಷಯದಲ್ಲಿ, 1993ರಲ್ಲಿ ಪ್ರಕಟವಾದ ಅಮೆರಿಕದ ಕೊಲರಾಡೊ ಅಧ್ಯಯನವೊಂದು 3,000ಕ್ಕೂ ಹೆಚ್ಚು ಪ್ರವಾಸಿಗರನ್ನು ಪರಿಶೀಲಿಸಿತ್ತು. ಕಾಲು ಭಾಗದಷ್ಟು ಜನರಿಗೆ ಪರ್ವತ ಕಾಯಿಲೆ ಬಂದಿತ್ತು. ಅರವತ್ತು ದಾಟಿದವರಲ್ಲಿ ಅದು ಕಿರಿಯರಿಗಿಂತ ಕಡಿಮೆಯಿತ್ತು. ಆ ಅಧ್ಯಯನ ನಡೆದ ಜಾಗಗಳು 3,000 ಮೀಟರ್ ಒಳಗಿನವು. ಅದನ್ನು ಲೇಹ್‌ಗೆ ಹಾಗೆಯೇ ಅನ್ವಯಿಸುವಂತಿಲ್ಲ. ಆದರೆ ವಯಸ್ಸೇ ಕಾಯಿಲೆಗೆ ಕಾರಣ ಎಂಬ ಗ್ರಹಿಕೆಯನ್ನು ಸಡಿಲಿಸಲು ಅಷ್ಟು ಸಾಕು.

ಹೃದಯದ ಪ್ರಶ್ನೆ

ಇಲ್ಲಿ ಬರುವ ಮೊದಲ ಆಕ್ಷೇಪ ಗಟ್ಟಿಯಾದದ್ದು. ಪರ್ವತ ಕಾಯಿಲೆ ವಯಸ್ಸು ನೋಡಿ ಬರದಿರಬಹುದು, ಆದರೆ ವಯಸ್ಸಿನೊಂದಿಗೆ ಬರುವ ಬೇರೆ ಕಾಯಿಲೆಗಳು ಇವೆಯಲ್ಲ? ಹೌದು, ಇವೆ. ಎತ್ತರಕ್ಕೆ ಹೋದ ಮೊದಲ ದಿನಗಳಲ್ಲಿ ನಾಡಿಬಡಿತ, ರಕ್ತದೊತ್ತಡ ಎರಡೂ ಏರುತ್ತವೆ. ದುಡಿಯುವ ಕಸುವು ಎಲ್ಲರಲ್ಲೂ ಕುಗ್ಗುತ್ತದೆ, ವಯಸ್ಸಾದವರಲ್ಲಿ ಆ ಇಳಿಕೆ ಹೆಚ್ಚು ಅರಿವಿಗೆ ಬರುತ್ತದೆ. ಇತ್ತೀಚೆಗೆ ಹೃದಯಾಘಾತವಾದವರು, ಸ್ವಲ್ಪ ನಡೆದರೂ ಎದೆನೋವು ಬರುವವರು, ತೀವ್ರ ಶ್ವಾಸಕೋಶದ ಕಾಯಿಲೆ ಇರುವವರು ಹೋಗಕೂಡದು. ಈ ವಿಷಯದಲ್ಲಿ ರಾಜಿಗೆ ಜಾಗವಿಲ್ಲ. ಹತೋಟಿಯಲ್ಲಿರುವ ಬಿಪಿ, ಸಕ್ಕರೆ ಕಾಯಿಲೆ ತಾವಾಗಿಯೇ ಅಡ್ಡಿಯಲ್ಲ; ಆದರೆ ಎರಡು ತಿಂಗಳು ಮುಂಚೆಯೇ ವೈದ್ಯರನ್ನು ಕಂಡು, ಔಷಧದ ಪ್ರಮಾಣ ಬದಲಿಸಬೇಕೇ ಎಂದು ಕೇಳಬೇಕು. ಪರ್ವತ ಕಾಯಿಲೆ ತಡೆಯಲು ಬಳಸುವ ಅಸೆಟಜೋಲಮೈಡ್ ಮಾತ್ರೆ ಎಲ್ಲರಿಗೂ ಆಗುವುದಿಲ್ಲ, ಮುಖ್ಯವಾಗಿ ಸಲ್ಫಾ ಅಲರ್ಜಿ ಇರುವವರು ಮೊದಲೇ ತಿಳಿಸಬೇಕು. ನಿದ್ದೆ ಮಾತ್ರೆ ಮತ್ತು ಮದ್ಯ ಉಸಿರಾಟವನ್ನು ಕುಗ್ಗಿಸುವುದರಿಂದ ಮೊದಲ ದಿನಗಳಲ್ಲಿ ಎರಡನ್ನೂ ದೂರವಿಡಬೇಕು. ಏರುದಾರಿಯಲ್ಲಿ ಏದುಸಿರು ಬಿಡದೆ ನಡೆಯಬಲ್ಲೆನೇ ಎಂದು ಊರಿನಲ್ಲೇ ಪರೀಕ್ಷಿಸಿಕೊಳ್ಳುವುದು ಒಳ್ಳೆಯದು.

ಏರುವ ದಾರಿ ಯಾವುದು

ಬೆಂಗಳೂರಿನಿಂದ ಬೆಳಿಗ್ಗೆ ಹೊರಟು ದೆಹಲಿ ಮೂಲಕ ಲೇಹ್‌ಗೆ ಹಾರುವುದೆಂದರೆ 900 ಮೀಟರಿನಿಂದ 3,500 ಮೀಟರಿಗೆ ಒಂದೇ ಜಿಗಿತ. ಮೊದಲೆರಡು ದಿನ ಕೊಠಡಿ ಬಿಟ್ಟು ಹೊರಗೆ ಓಡಾಡದಿದ್ದರೆ ಹಲವರಿಗೆ ಅದೂ ಸರಿಹೋಗುತ್ತದೆ. ಮನಾಲಿ ರಸ್ತೆಯಲ್ಲಿ, 2020ರಲ್ಲಿ ತೆರೆದ ಅಟಲ್ ಸುರಂಗದಿಂದ ಪ್ರಯಾಣ ಸುಲಭವಾಗಿದೆ, ಆದರೆ ಆ ದಾರಿಯಲ್ಲಿ ಹಲವರು ರಾತ್ರಿ ತಂಗುವ ಸರ್ಚು 4,200 ಮೀಟರಿಗೂ ಮೇಲಿದೆ. ದೇಹ ಒಗ್ಗುವ ಮೊದಲೇ ಅಲ್ಲಿ ಮಲಗುವುದು ಹಿರಿಯರಿಗೆ ತಕ್ಕದ್ದಲ್ಲ. ಅವರಿಗೆ ಒಪ್ಪುವುದು ಶ್ರೀನಗರದ ದಾರಿ. ಶ್ರೀನಗರ ಸುಮಾರು 1,600 ಮೀಟರ್, ಕಾರ್ಗಿಲ್ 2,700, ಆಲ್ಚಿ 3,100, ಲೇಹ್ 3,500. ನಡುವೆ ಜೋಜಿ ಲಾ, ಫೋಟು ಲಾ ಕಣಿವೆದಾರಿಗಳನ್ನು ದಾಟಬೇಕು, ಆದರೆ ದಾಟುವುದು ಹಗಲಿನಲ್ಲಿ. ಮಲಗುವ ಜಾಗ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ವಿಮಾನಕ್ಕಿಂತ ರಸ್ತೆ ದಣಿವು ಎನ್ನುವವರಿದ್ದಾರೆ. ಸುಮಾರು 430 ಕಿಲೋಮೀಟರ್ ದಾರಿಯನ್ನು ಒಂದೇ ದಿನಕ್ಕೆ ಓಡಿಸಿದರೆ ದಣಿವೇ. ಶ್ರೀನಗರದಲ್ಲಿ ಎರಡು ರಾತ್ರಿ ಇದ್ದು, ಕಾರ್ಗಿಲ್‌ನಲ್ಲಿ ಒಂದು ರಾತ್ರಿ ತಂಗಿ ಹೋದರೆ ದಣಿವೂ ಹಂಚಿಹೋಗುತ್ತದೆ, ಎತ್ತರವೂ ಹಂಚಿಹೋಗುತ್ತದೆ.

ನಿಂತು ನೋಡುವವರಿಗೆ

ಆಲ್ಚಿಯಲ್ಲಿ ಮೂರು ರಾತ್ರಿ ಇರಿ ಎಂದರೆ ಪ್ರವಾಸ ಸಂಸ್ಥೆಗಳು ಅಚ್ಚರಿಪಡಬಹುದು. ಅವರ ಪಟ್ಟಿಯಲ್ಲಿ ಅದಕ್ಕೆ ಸಿಗುವುದು ಒಂದು ಗಂಟೆ. ಸಿಂಧೂ ದಂಡೆಯ ಈ ಹಳ್ಳಿಯ ಗುಡಿಗಳು ಸುಮಾರು ಎಂಟುನೂರು ಒಂಬೈನೂರು ವರ್ಷ ಹಳೆಯವು. ಮೂರಂತಸ್ತಿನ ಸುಮ್‌ತ್ಸೆಕ್ ಗುಡಿಯಲ್ಲಿ ಎರಡಾಳೆತ್ತರ ಮೀರಿದ ಮೂರು ಬೋಧಿಸತ್ವ ಮೂರ್ತಿಗಳಿವೆ. ಮೈತ್ರೇಯನ ಧೋತ್ರದ ಮೇಲೆ ಬುದ್ಧನ ಬದುಕು, ಮಂಜುಶ್ರೀಯ ಧೋತ್ರದ ಮೇಲೆ ಸಿದ್ಧರ ಸಾಲು, ಅವಲೋಕಿತೇಶ್ವರನ ಧೋತ್ರದ ಮೇಲೆ ಅರಮನೆ, ಗುಡಿಗಳು ಕಾಶ್ಮೀರದ ಕಲಾವಿದರ ಶೈಲಿಯಲ್ಲಿ ಚಿತ್ರಿತವಾಗಿವೆ. ಒಳಗೆ ಮಂದ ಬೆಳಕು, ಫೋಟೊಗೆ ಅವಕಾಶವಿಲ್ಲ. ಕಣ್ಣು ಕತ್ತಲೆಗೆ ಹೊಂದಿಕೊಳ್ಳುವವರೆಗೆ ನಿಂತವರಿಗಷ್ಟೇ ಚಿತ್ರಗಳು ಕಾಣುತ್ತವೆ. ಮರುದಿನ ಮತ್ತೆ ಹೋದರೆ ಮೊದಲು ಕಾಣದ್ದು ಕಾಣುತ್ತದೆ. ಲಿಕಿರ್, ಬಾಸ್ಗೊ, ಲಾಮಾಯುರು ಗೊಂಪಗಳು ಸುತ್ತಮುತ್ತಲೇ ಇವೆ. ದೇಹಕ್ಕೆ ಬೇಕಾದ ವಿರಾಮವೂ ಕಲೆ ಕೇಳುವ ವಿರಾಮವೂ ಇಲ್ಲಿ ಒಂದೇ ಆಗುತ್ತವೆ. ಮುಂದೆ ಲೇಹ್‌ನಲ್ಲಿ ನಾಲ್ಕು ರಾತ್ರಿ ಕಳೆದರೆ, 17ನೇ ಶತಮಾನದ ಒಂಬತ್ತು ಅಂತಸ್ತಿನ ಅರಮನೆ, ಶೇಯ್, ಥಿಕ್ಸೆ, ಹೆಮಿಸ್ ಗೊಂಪಗಳನ್ನು ದಿನಕ್ಕೊಂದರಂತೆ ನೋಡಬಹುದು.

ಇದರಾಚೆಗಿನದು ಚಾಂಗ್‌ತಾಂಗ್, ನಿಜವಾದ ಎತ್ತರದ ಬಯಲು. ಪಶ್ಮಿನಾ ಮೇಕೆಗಳನ್ನು ಮೇಯಿಸುತ್ತ ಹುಲ್ಲಿನ ಜಾಡು ಹಿಡಿದು ಅಲೆಯುವ ಚಾಂಗ್‌ಪಾ ಜನರ ನೆಲ, ಕ್ಯಾಂಗ್ ಎಂಬ ಕಾಡುಕತ್ತೆಗಳ ಬೀಡು. ಹೆಚ್ಚಿನವರು ಚಾಂಗ್ ಲಾ ಕಣಿವೆದಾರಿ ದಾಟಿ ಪಾಂಗಾಂಗ್ ಸರೋವರಕ್ಕೆ ಓಡುತ್ತಾರೆ. ಹಿರಿಯರಿಗೆ ಹಾನ್ಲೆ ಲೇಸು. ಅಲ್ಲಿಗೆ ಹೋಗುವ ರಸ್ತೆ ಬಹುಪಾಲು ಸಿಂಧೂವಿನ ಜೊತೆಗೇ ನಿಧಾನವಾಗಿ ಏರುತ್ತದೆ, ಎತ್ತರದ ಕಣಿವೆದಾರಿ ದಾಟಬೇಕಿಲ್ಲ; ಸುಮಾರು 4,000 ಮೀಟರಿನ, ಬಿಸಿನೀರಿನ ಬುಗ್ಗೆಗಳಿರುವ ಚುಮಾಥಾಂಗ್‌ನಲ್ಲಿ ಒಂದು ರಾತ್ರಿ ತಂಗಬಹುದು. ಹಾನ್ಲೆಯೊಂದಿಗೆ ಕರ್ನಾಟಕಕ್ಕೆ ನಂಟೂ ಇದೆ. ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯ 2 ಮೀಟರ್ ವ್ಯಾಸದ ಹಿಮಾಲಯನ್ ಚಂದ್ರ ದೂರದರ್ಶಕ ಇರುವುದು ಅಲ್ಲಿನ 4,500 ಮೀಟರ್ ಎತ್ತರದ ಗುಡ್ಡದ ಮೇಲೆ. ಹೊಸಕೋಟೆಯಲ್ಲಿ ಕುಳಿತ ಖಗೋಳಜ್ಞರು ಉಪಗ್ರಹ ಸಂಪರ್ಕದ ಮೂಲಕ ಅದನ್ನು ನಡೆಸುತ್ತಾರೆ. ಒಣಗಾಳಿ, ಮೋಡವಿಲ್ಲದ ರಾತ್ರಿ, ದೀಪಗಳಿಲ್ಲದ ಬಯಲು ಈ ಆಯ್ಕೆಗೆ ಕಾರಣ. 2022ರಲ್ಲಿ ಹಾನ್ಲೆಯ ಸುತ್ತಲಿನ ಪ್ರದೇಶವನ್ನು ಕತ್ತಲ ಆಕಾಶದ ಮೀಸಲು ತಾಣವೆಂದು ಘೋಷಿಸಲಾಯಿತು. ಹಳ್ಳಿಯವರೇ ತರಬೇತಿ ಪಡೆದು ಅತಿಥಿಗಳಿಗೆ ದೂರದರ್ಶಕದಲ್ಲಿ ಆಕಾಶ ತೋರಿಸುತ್ತಾರೆ.

ಖರ್ಚು, ನೀರು, ಕಾಲ

ಎರಡು ವಾರಕ್ಕೆ ಖರ್ಚು ಹೆಚ್ಚು ಎಂಬ ಆಕ್ಷೇಪವೂ ಇದೆ. ದಿನಗಳು ಹೆಚ್ಚಿದರೆ ಊಟ, ವಸತಿಯ ಖರ್ಚು ಏರುವುದು ಸಹಜ. ಆದರೆ ಲಡಾಖ್‌ನಲ್ಲಿ ದುಬಾರಿಯಾಗುವುದು ಮುಖ್ಯವಾಗಿ ಟ್ಯಾಕ್ಸಿ. ಒಂದೇ ಊರಿನಲ್ಲಿ ಹೆಚ್ಚು ದಿನ ಉಳಿದವರು ಅದನ್ನು ಉಳಿಸುತ್ತಾರೆ, ಹೋಮ್‌ಸ್ಟೇಗಳು ಹೋಟೆಲಿಗಿಂತ ಅಗ್ಗ. ಇನ್ನೊಂದು ಆಕ್ಷೇಪ ಇದಕ್ಕಿಂತ ಗಂಭೀರ: ನೀರಿಲ್ಲದ ನಾಡಿಗೆ ಇನ್ನಷ್ಟು ಪ್ರವಾಸಿಗರನ್ನು ಕರೆಯುವುದು ನ್ಯಾಯವೇ? 2011ರ ಜನಗಣತಿಯಲ್ಲಿ 2.74 ಲಕ್ಷ ಜನರಿದ್ದ ಲಡಾಖ್‌ಗೆ 2022ರಲ್ಲಿ 5 ಲಕ್ಷಕ್ಕೂ ಹೆಚ್ಚು ಪ್ರವಾಸಿಗರು ಬಂದರು. ಹಿಮನದಿಗಳ ನೀರನ್ನೇ ನಂಬಿದ ಹೊಲಗಳಿಗೆ, ಬೋರ್‌ವೆಲ್ ಕೊರೆಸುವ ಹೋಟೆಲುಗಳು ಹೊರೆಯೇ. ಈ ಹೊರೆ ಯಾರೂ ಅಲ್ಲಗಳೆಯುವಂಥದ್ದಲ್ಲ. ಆದರೆ ಹಳ್ಳಿಯ ಮನೆಯಲ್ಲಿ ತಂಗಿ, ಬಕೆಟ್ ನೀರಿನಲ್ಲಿ ಮಿಂದು, ಅಲ್ಲಿನ ಒಣ ಶೌಚಾಲಯ ಬಳಸಿ, ವಾಹನದಲ್ಲಿ ಕಡಿಮೆ ಓಡಾಡುವ ಅತಿಥಿಯಿಂದ ಆಗುವ ಹಾನಿ ಕಡಿಮೆ, ಹಳ್ಳಿಗೆ ಸೇರುವ ಹಣ ಹೆಚ್ಚು. ಮಂಡಿನೋವಿನವರು ನೆಲಮಟ್ಟದ ಶೌಚಾಲಯದ ಬಗ್ಗೆ ಮೊದಲೇ ವಿಚಾರಿಸಿಕೊಳ್ಳಬೇಕು.

ಹೋಗಲು ಸೆಪ್ಟೆಂಬರ್ ಒಳ್ಳೆಯ ಕಾಲ. ಜನಜಂಗುಳಿ ಕರಗಿರುತ್ತದೆ, ಆಕಾಶ ತಿಳಿಯಾಗಿರುತ್ತದೆ; ಹಾನ್ಲೆಯ ರಾತ್ರಿ ಚಳಿಗೆ ಮಾತ್ರ ಗಟ್ಟಿ ಉಣ್ಣೆಬಟ್ಟೆ ಬೇಕು. ಹೊರಡುವ ಮುನ್ನ ರಸ್ತೆ ಮತ್ತು ಭದ್ರತೆಯ ಸೂಚನೆಗಳನ್ನು ನೋಡಿಕೊಳ್ಳಬೇಕು. ಶ್ರೀನಗರ 2, ಕಾರ್ಗಿಲ್ 1, ಆಲ್ಚಿ 3, ಲೇಹ್ 4, ಚುಮಾಥಾಂಗ್ 1, ಹಾನ್ಲೆ 2, ಮರಳಿ ಲೇಹ್ 1: ಒಟ್ಟು 14 ರಾತ್ರಿ. ಸೇನೆ ತನ್ನ ಜವಾನರಿಗೆ ಕೊಡುವಷ್ಟೇ ಸಮಯ. ತಲೆನೋವು ಹೆಚ್ಚಿದರೆ ಮುಂದಿನ ಮೆಟ್ಟಿಲು ಬೇಡ. ವಿಶ್ರಾಂತಿಗೂ ಇಳಿಯದಿದ್ದರೆ ಕೆಳಗಿಳಿಯುವುದೇ ಮದ್ದು. ಹಾನ್ಲೆ ತಪ್ಪಿದರೂ ಆಲ್ಚಿ, ಲೇಹ್‌ಗಳಿಂದಲೇ ಪ್ರವಾಸ ಸಾರ್ಥಕ. ಇಷ್ಟು ವರ್ಷ ಕಾದದ್ದು ತಪ್ಪೇನಲ್ಲ. ಆಗ ಇಲ್ಲದ ಪುರುಸೊತ್ತು ಈಗ ಕೈಯಲ್ಲಿದೆ. ಆದರೆ ಕಾಲಿನ ಕಸುವು ವರ್ಷವರ್ಷಕ್ಕೂ ಇಳಿಯುತ್ತದೆ. ನಿವೃತ್ತಿಯ ಮೊದಲ ವರ್ಷಗಳಲ್ಲಿ ಪುರುಸೊತ್ತು ಮತ್ತು ಕಸುವು ಎರಡೂ ಜೊತೆಗಿರುತ್ತವೆ. ವೈದ್ಯರು ಒಪ್ಪಿದರೆ, ಆ ವರ್ಷಗಳಲ್ಲೇ ಹೊರಡುವುದು ಸರಿ.