ಶಾಂತಿಯ ಚಿತ್ರವನ್ನು ಓದುವ ಬಗೆ

ಬೋಧನಾಭ್ಯಾಸದ ಅವಧಿಯಲ್ಲಿ ಸಕಲೇಶಪುರದ ಪ್ರೌಢಶಾಲೆಯೊಂದರಲ್ಲಿ ನನ್ನ ವಿಷಯ ವಿಜ್ಞಾನ. ಒಂದು ದಿನ ಬದಲಿ ಅವಧಿಯಲ್ಲಿ ಹತ್ತನೇ ತರಗತಿಯ 'ಎ' ವಿಭಾಗಕ್ಕೆ ಮೈಸೂರು ಯುದ್ಧಗಳ ಪಾಠ ಮುಂದುವರಿಸಬೇಕಾಯಿತು. ಟಿಪ್ಪು ಕಟ್ಟಿಸಿದ ಮಂಜರಾಬಾದ್ ಕೋಟೆ ಈ ಮಕ್ಕಳಿಗೆ ಹೊಸದಲ್ಲ. ಅದರ ಎಂಟು ಮೂಲೆಗಳನ್ನು ಕಣ್ಣು ಮುಚ್ಚಿ ಬಿಡಿಸುತ್ತಾರೆ. ಆದರೆ 1792ರ ಶ್ರೀರಂಗಪಟ್ಟಣ ಒಪ್ಪಂದದಿಂದ ಏನಾಯಿತು ಎಂದು ಕೇಳಿದರೆ ಒಂದೇ ಉತ್ತರ: "ಶಾಂತಿ ಆಯ್ತು."

ಆಗ ಒಂದು ಚಿತ್ರದ ಪ್ರತಿ ತೋರಿಸಿದೆ. ಕಾರ್ನ್‌ವಾಲಿಸನ ಸೈನ್ಯದ ಜೊತೆಗಿದ್ದ ಇಂಗ್ಲಿಷ್ ಕಲಾವಿದ ರಾಬರ್ಟ್ ಹೋಮ್ ಬರೆದದ್ದು. 1792ರ ಫೆಬ್ರವರಿ 26ರಂದು ಟಿಪ್ಪುವಿನ ಇಬ್ಬರು ಗಂಡುಮಕ್ಕಳನ್ನು ಒತ್ತೆಯಾಗಿ ಒಪ್ಪಿಸಿದ ಸಂದರ್ಭ. ನಾನು ಮಾಡಿದ ತಪ್ಪೆಂದರೆ, ಶೀರ್ಷಿಕೆಯನ್ನು ಮೊದಲೇ ಓದಿ ಹೇಳಿದ್ದು. ಮಕ್ಕಳು ಚಿತ್ರ ನೋಡಲೇ ಇಲ್ಲ, ಶೀರ್ಷಿಕೆಯನ್ನು ತಿರುಗಿ ಹೇಳಿದರು.

ಮರುದಿನ 'ಬಿ' ವಿಭಾಗದಲ್ಲಿ ವಿಜ್ಞಾನದ ಕ್ರಮವನ್ನೇ ಹಿಡಿದೆ: ಮೊದಲು ವೀಕ್ಷಣೆ, ಆಮೇಲೆ ತೀರ್ಮಾನ. ಶೀರ್ಷಿಕೆ ಮುಚ್ಚಿ, ಕಂಡದ್ದನ್ನಷ್ಟೇ ಹೇಳಿ ಎಂದೆ. ಆನೆ, ಡೇರೆ, ಜನಜಂಗುಳಿ, ಹುಡುಗರ ಕೈ ಹಿಡಿದ ದೊಡ್ಡವರು. "ಮದುವೆ ದಿಬ್ಬಣ ಇರಬೇಕು" ಎಂದಳು ಒಬ್ಬಳು. ಅನಂತರ ವಿವರ ಕೊಟ್ಟೆ. ಟಿಪ್ಪು ತನ್ನ ರಾಜ್ಯದ ಅರ್ಧಭಾಗ ಬಿಟ್ಟುಕೊಡಬೇಕು. 3 ಕೋಟಿ 30 ಲಕ್ಷ ರೂಪಾಯಿ ಕೊಡಬೇಕು. ಅಲ್ಲಿಯವರೆಗೆ ಮಕ್ಕಳು ಒತ್ತೆ. ದೊಡ್ಡವನಿಗೆ ಸುಮಾರು ಹತ್ತು ವರ್ಷ. ಅವರು ಮರಳಿದ್ದು 1794ರಲ್ಲಿ. ತರಗತಿ ಸುಮ್ಮನಾಯಿತು. ಮದುವೆ ಎಂದ ಹುಡುಗಿಯೇ, "ನನ್ನ ತಮ್ಮನಷ್ಟೇ ಇದ್ದಾನೆ. ಕೈ ಹಿಡಿದಿರೋದಲ್ಲ, ಹಿಡ್ಕೊಂಡಿರೋದು" ಎಂದಳು. ಚಿತ್ರ ಬದಲಾಗಿರಲಿಲ್ಲ, ನೋಟ ಬದಲಾಗಿತ್ತು.

ಯುದ್ಧ ಮುಗಿದಾಗ ಚಿತ್ರ ಬರೆಸುವುದು ಯುರೋಪಿನಲ್ಲಿ ಹಳೆಯ ರೂಢಿ. 17ನೇ ಶತಮಾನದ ಬರೋಕ್ ಕಾಲದ ಎರಡು ಚಿತ್ರಗಳನ್ನು ಹೋಲಿಕೆಗೆ ಬಳಸಿದೆ. ಮೊದಲನೆಯದು ರೂಬೆನ್ಸ್ 1629-30ರಲ್ಲಿ ಬರೆದದ್ದು. ಅವನು ಆಗ ಸ್ಪೇನಿನ ರಾಯಭಾರಿಯಾಗಿ ಇಂಗ್ಲೆಂಡಿನಲ್ಲಿದ್ದ. ಅವನ ಚಿತ್ರದಲ್ಲಿ ಶಾಂತಿ ಒಬ್ಬ ತಾಯಿ. ಮಿನರ್ವಾ ದೇವತೆ ಯುದ್ಧದೇವತೆಯನ್ನು ಹಿಂದಕ್ಕೆ ತಳ್ಳುತ್ತಾಳೆ. ಅದು ಶಾಂತಿ ಬೇಕೆಂಬ ಆಶಯ. ಎರಡನೆಯದು ಟೆರ್ ಬೋರ್ಖ್ ಬರೆದ ಚಿಕ್ಕ ಚಿತ್ರ. 1568ರಿಂದ ಸ್ಪೇನಿಗೂ ಡಚ್ಚರಿಗೂ ನಡೆದಿದ್ದ ಎಂಬತ್ತು ವರ್ಷಗಳ ಯುದ್ಧ 1648ರಲ್ಲಿ ಮ್ಯೂನ್‌ಸ್ಟರ್ ನಗರದಲ್ಲಿ ಮುಗಿಯಿತು. ಸ್ಪೇನಿನವರು ಧರ್ಮಗ್ರಂಥದ ಮೇಲೆ ಕೈಯಿಟ್ಟಿದ್ದಾರೆ, ಡಚ್ಚರು ಎರಡು ಬೆರಳೆತ್ತಿದ್ದಾರೆ. ಇಬ್ಬರೂ ಒಂದೇ ಮೇಜಿನ ಸುತ್ತ, ತಮ್ಮತಮ್ಮ ರೀತಿಯಲ್ಲಿ ಪ್ರಮಾಣ ಮಾಡುತ್ತಿದ್ದಾರೆ. ಅದು ಸಮಾನರ ಒಪ್ಪಂದ. ಹೋಮ್‌ನ ಚಿತ್ರದಲ್ಲಿ ಹಾಗಿಲ್ಲ. ಒಂದು ಕಡೆ ಸೇನಾಪತಿ, ಇನ್ನೊಂದು ಕಡೆ ಮಕ್ಕಳು.

ಈ ಪ್ರಸಂಗ ಲಂಡನ್ನಿನಲ್ಲಿ ಎಷ್ಟು ಜನಪ್ರಿಯವಾಯಿತೆಂದರೆ, ಭಾರತವನ್ನು ನೋಡದ ಮ್ಯಾಥರ್ ಬ್ರೌನ್ ಕೂಡ ಅದನ್ನು ಬರೆದ. ಗೆದ್ದವರ ಈ ಗುಣ ಒಂದೇ ಪಕ್ಷದ್ದಲ್ಲ ಎಂಬುದನ್ನೂ ಮಕ್ಕಳಿಗೆ ಹೇಳಬೇಕು. ಮಂಗಳೂರು ಒಪ್ಪಂದವಾದ 1784ರಲ್ಲೇ ಟಿಪ್ಪು ಶ್ರೀರಂಗಪಟ್ಟಣದಲ್ಲಿ ದರಿಯಾ ದೌಲತ್ ಕಟ್ಟಿಸಿದ. ಅದರ ಗೋಡೆಯ ಮೇಲಿರುವುದು ಒಪ್ಪಂದವಲ್ಲ, 1780ರ ಪೊಲ್ಲಿಲೂರು ಕಾಳಗದಲ್ಲಿ ಸೋತ ಇಂಗ್ಲಿಷ್ ಸೈನ್ಯ. ಪ್ರವಾಸಕ್ಕೆ ಹೋದಾಗ ಅದನ್ನೂ ಇದೇ ಕ್ರಮದಲ್ಲಿ ನೋಡಿಸಬಹುದು.

ಕಪ್ಪುಹಲಗೆಯ ಮೇಲೆ ಬರೆಯಲು ಮೂರು ಪ್ರಶ್ನೆ ಸಾಕು. ಯಾರು ಎಲ್ಲಿ ನಿಂತಿದ್ದಾರೆ? ಯಾರ ಕೈ ಏನು ಮಾಡುತ್ತಿದೆ? ಚಿತ್ರದಲ್ಲಿ ಯಾರಿಲ್ಲ? ಮೂರನೆಯ ಪ್ರಶ್ನೆಗೆ 'ಬಿ' ವಿಭಾಗದಿಂದ ಮೊದಲು ಬಂದ ಉತ್ತರ, "ಅವರಮ್ಮ" ಎಂದು. 1792ರ ಆ ಶಾಂತಿ ಉಳಿದದ್ದು ಏಳೇ ವರ್ಷ. 1799ರಲ್ಲಿ ಮತ್ತೆ ಯುದ್ಧವಾಗಿ ಟಿಪ್ಪು ಮಡಿದ. ಆ ಉತ್ತರ ಕೇಳಿದ ಮೇಲೆ ಇಸವಿಯನ್ನು ಬಾಯಿಪಾಠ ಮಾಡಿಸುವ ಅಗತ್ಯ ನನಗೆ ಬೀಳಲಿಲ್ಲ.