ಮಿತಾಕ್ಷರದ ಸೀಮೆಯಲ್ಲಿ ಸತ್ಯವೇದದ ವ್ಯಾಖ್ಯಾನ

ರಾವೂರಿನ ಫರ್ಸಿಕಲ್ಲಿನ ಗಣಿಗಳನ್ನೂ ವಾಡಿ, ಶಹಾಬಾದಗಳ ರೈಲುದಾರಿಯನ್ನೂ ಒಳಗೊಂಡ ಈ ಕಲಬುರಗಿ ಸೀಮೆಯಲ್ಲಿಯೇ ಇರುವ ಮರತೂರು, ಕಲ್ಯಾಣದ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿ ‘ಮಿತಾಕ್ಷರ’ವೆಂಬ ಸ್ಮೃತಿವ್ಯಾಖ್ಯಾನವನ್ನು ರಚಿಸಿದ ವಿಜ್ಞಾನೇಶ್ವರನ ಊರೆಂದು ಖ್ಯಾತಿವಡೆದಿದೆ. ಇತ್ತ ಸೇಡಂ ಕಡೆಗೆ ತಿರುಗಿದರೆ, ಕಾಗಿಣೆಯ ತಡಿಯ ಮಳಖೇಡದಲ್ಲಿ, ಮಧ್ವಾಚಾರ್ಯರ ಭಾಷ್ಯಗಳಿಗೆ ಟೀಕೆ ಬರೆದು ಟೀಕಾಚಾರ್ಯರೆನಿಸಿದ ಜಯತೀರ್ಥರನ್ನು ನೆನೆದು ಕೈಮುಗಿಯುವ ಭಕ್ತರುಂಟು. ಮೂಲಗ್ರಂಥವನ್ನು ಶಿರಸಾವಹಿಸುವವನೇ ಅದರ ಅರ್ಥಕ್ಕಾಗಿ ಹೆಚ್ಚು ಸೆಣಸಬೇಕಾಗುತ್ತದೆಂಬುದು ಈ ನೆಲಕ್ಕೆ ಹೊಸ ಮಾತಲ್ಲ. ಸ್ಮೃತಿವಚನಗಳನ್ನೇ ಆಧಾರವಾಗಿಟ್ಟುಕೊಂಡು ವಿಜ್ಞಾನೇಶ್ವರನು ಪಿತ್ರಾರ್ಜಿತದಲ್ಲಿ ಮಗನಿಗೆ ಜನ್ಮದಿಂದಲೇ ಸ್ವತ್ವವುಂಟೆಂದನು; ವಂಗದೇಶದ ಜೀಮೂತವಾಹನನು ತಂದೆಯ ಸ್ವತ್ವವು ಅಳಿದ ಬಳಿಕವಷ್ಟೇ ಎಂದನು.

ರವಿವಾರದ ಆರಾಧನೆಯಲ್ಲಿ ಸತ್ಯವೇದಕ್ಕೆ ಕಿವಿಗೊಡುವ ಇಲ್ಲಿಯ ಕ್ರೈಸ್ತರೂ ಇಂಥದೇ ಒಂದು ದೀರ್ಘ ವಾದಕ್ಕೆ ಉತ್ತರಾಧಿಕಾರಿಗಳು. ಬಳ್ಳಾರಿಯ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತು ಸಂಗಡಿಗರ ಪರಿಶ್ರಮದಿಂದ 1831ರ ಹೊತ್ತಿಗೆ ಸಮಗ್ರ ಬೈಬಲ್ ಕನ್ನಡದಲ್ಲಿ ಅಚ್ಚಾಯಿತು. ಆದರೆ ಸಮಗ್ರವೆಂದರೆ ಎಷ್ಟು ಎಂಬಲ್ಲಿಯೇ ಭೇದವುಂಟು: ಪ್ರಾಟೆಸ್ಟಂಟರಿಗೆ 66 ಪುಸ್ತಕಗಳು, ತೋಬಿತ, ಮಕ್ಕಾಬಿಯೇ ಮೊದಲಾದವು ಕೂಡಿ ಕೆಥೋಲಿಕರಿಗೆ 73. ಈ ಪಟ್ಟಿಯನ್ನು 1546ರಲ್ಲಿ ಸ್ಥಿರಪಡಿಸಿದ ಟ್ರೆಂಟ್ ಮಹಾಸಭೆಯು, ಅಪೊಸ್ತಲರಿಂದ ಬಂದ ಪರಂಪರೆಗೂ ಶಾಸ್ತ್ರಕ್ಕೆ ಸಲ್ಲುವ ಗೌರವವೇ ಸಲ್ಲತಕ್ಕದ್ದೆಂದು ಸಾರಿತು. ಲೂಥರನ ಪಕ್ಷದವರು ಪರಂಪರೆಯನ್ನೂ ಶಾಸ್ತ್ರದ ಒರೆಗೇ ಹಚ್ಚಬೇಕೆಂದರು. 1965ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆಯು, ಬೋಧಿಸುವ ಅಧಿಕಾರವು ದೇವರ ವಾಕ್ಯಕ್ಕಿಂತ ಮೇಲಿನದಲ್ಲ, ಅದರ ಸೇವೆಗಾಗಿ ಇರುವುದು ಎಂದು ಹೇಳಿದ ಮೇಲೆ ಈ ಅಂತರವು ಕಿರಿದಾಯಿತಾದರೂ ಇಲ್ಲವಾಗಲಿಲ್ಲ.

ಕಲಬುರಗಿ, ಬೀದರ, ಯಾದಗಿರಿಗಳ ಕಡೆ ನೆಲೆಯೂರಿದ ಮೆಥೊಡಿಸ್ಟ್ ಸಭೆಯ ಚರಿತ್ರೆಯಲ್ಲಿ ಈ ಪ್ರಶ್ನೆ ಇನ್ನೂ ತೀಕ್ಷ್ಣವಾಗಿ ಎದ್ದುಬಂದಿತು. ಆ ಪಂಥದ ಮೂಲಪುರುಷನಾದ ಜಾನ್ ವೆಸ್ಲಿಯು ತನ್ನನ್ನು ಏಕಗ್ರಂಥನಿಷ್ಠನೆಂದು ಕರೆದುಕೊಂಡವನು. ಆದರೂ ಓದುಗರಿಗಾಗಿ ಪೂರ್ವಿಕರ ಬರಹಗಳನ್ನು 50 ಸಂಪುಟಗಳಲ್ಲಿ ಸಂಗ್ರಹಿಸಿಕೊಟ್ಟವನೂ ಅವನೇ. ಶಾಸ್ತ್ರವೇ ಪ್ರಧಾನ, ಆದರೆ ಅದನ್ನು ಪರಂಪರೆ, ವಿವೇಕ, ಅನುಭವಗಳ ಬೆಳಕಿನಲ್ಲಿ ಓದಬೇಕೆಂಬ ಕ್ರಮವನ್ನು ಅವನ ಅನುಯಾಯಿಗಳು ಅವನ ಬರಹಗಳಿಂದಲೇ ಸಂಗ್ರಹಿಸಿಕೊಂಡರು. 1774ರಲ್ಲಿ ಅವನು ಗುಲಾಮಗಿರಿಯನ್ನು ಖಂಡಿಸಿ ಪುಸ್ತಿಕೆಯನ್ನೇ ಬರೆದಿದ್ದನು. ಹೀಗಿದ್ದೂ 1844ರಲ್ಲಿ ನ್ಯೂಯಾರ್ಕಿನಲ್ಲಿ ನೆರೆದ ಅಮೆರಿಕದ ಮೆಥೊಡಿಸ್ಟರ ಮಹಾಸಮ್ಮೇಳನವು, ಜಾರ್ಜಿಯದ ಬಿಷಪ್ ಜೇಮ್ಸ್ ಆಂಡ್ರೂ ಗುಲಾಮರ ಒಡೆಯನಾಗಿದ್ದ ವಿಷಯದಲ್ಲಿ ಇಬ್ಭಾಗವಾಯಿತು. ದಾಸರು ಯಜಮಾನರಿಗೆ ವಿಧೇಯರಾಗಿರಬೇಕೆಂಬ ಎಫೆಸದವರ ಪತ್ರಿಕೆಯ ಮಾತು ದಕ್ಷಿಣದವರಿಗೆ ಆಧಾರವಾಯಿತು. ಗುಲಾಮಗಿರಿಯ ವಿರೋಧಿಗಳು ವಿಮೋಚನಕಾಂಡವನ್ನು ತೆರೆದರು. ಉತ್ತರ, ದಕ್ಷಿಣಗಳೆರಡೂ ಮತ್ತೆ ಒಂದಾದದ್ದು 1939ರಲ್ಲಿ. ಅಕ್ಷರಕ್ಕೆ ನಿಷ್ಠರಾಗಿದ್ದೇವೆಂದು ಪ್ರಾಮಾಣಿಕವಾಗಿ ನಂಬಿದ ಜನರೇ ಸಂಕೋಲೆಯನ್ನು ಸಮರ್ಥಿಸಿದರೆಂಬ ಈ ಸಂಗತಿ ನನ್ನನ್ನು ಬಹುವಾಗಿ ಕಾಡುತ್ತದೆ. ಒಂದು ವಚನ ಸಡಿಲಿದರೆ ಸರ್ವವೂ ಕುಸಿದೀತೆಂದು ಅಂಜುವವರ ಭಕ್ತಿಯನ್ನು ಗೌರವಿಸುತ್ತಲೇ, ವಚನವನ್ನು ಯಾರ ಬೆನ್ನ ಮೇಲೆ ಹೊರಿಸಲಾಗುತ್ತಿದೆಯೆಂದು ಕೇಳುವುದು ಓದುಗನ ಕರ್ತವ್ಯವೆಂದು ನಾನು ತಿಳಿಯುತ್ತೇನೆ.

ಈ ಕಡೆಯ ಸಭೆಗಳಿಗೆ ಸೇರಿದವರಲ್ಲಿ ಅನೇಕರು ಊರಾಚೆಯ ಕೇರಿಗಳಿಂದ ಬಂದವರಾದುದರಿಂದ ಆ ಪ್ರಶ್ನೆ ಇಲ್ಲಿ ದೂರದೇಶದ ಕಥೆಯಲ್ಲ. 1981ರಲ್ಲಿ ಬೆಂಗಳೂರಿನ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜಿನಲ್ಲಿ ಮಾಡಿದ ಉಪನ್ಯಾಸದಿಂದ ಹೊಸ ಚಿಂತನೆಗೆ ದಾರಿತೆರೆದ ಅರವಿಂದ ನಿರ್ಮಲರು, ಧರ್ಮೋಪದೇಶಕಾಂಡದ 26ನೆಯ ಅಧ್ಯಾಯದಲ್ಲಿ ಅಲೆಮಾರಿ ಪೂರ್ವಜನನ್ನೂ ಅವನ ಸಂತತಿ ಉಂಡ ಬಿಟ್ಟಿದುಡಿಮೆಯ ಕ್ಲೇಶವನ್ನೂ ಸ್ಮರಿಸುವ ನಂಬಿಕೆಯ ನಿವೇದನೆಯನ್ನು ದಲಿತ ದೇವಜ್ಞಾನಕ್ಕೆ ಆಧಾರವಾಗಿ ಗ್ರಹಿಸಿದರು. ಶತಮಾನಗಳಿಂದ ಓದುತ್ತ ಬಂದಿದ್ದ ಭಾಗವದು. ಅವಮಾನವನ್ನು ಉಂಡವರು ಓದಿದಾಗ ಅದರೊಳಗಿನ ಆರ್ತನಾದ ಕೇಳಿಸಿತು. ಶಾಸ್ತ್ರದ ಪ್ರಾಮಾಣ್ಯ ಇದರಿಂದ ಕುಂದಿತೆನ್ನುವವರ ಮಾತನ್ನು ನಾನು ಒಪ್ಪಲಾರೆ.

ಇದಕ್ಕೂ ಕಠಿನವಾದ ಪ್ರಶ್ನೆಯನ್ನೆತ್ತಿದವರು 1920ರಲ್ಲಿ ಕಾರ್ಕಳದಲ್ಲಿ ಜನಿಸಿದ ಸ್ಟ್ಯಾನ್ಲಿ ಸಮರ್ಥರು. ಮಂಗಳೂರಿನ ದೇವಜ್ಞಾನ ಕಾಲೇಜಿನಲ್ಲಿ ಪ್ರಾಂಶುಪಾಲರಾಗಿದ್ದು, ಮುಂದೆ ಜಿನೀವಾದ ಜಾಗತಿಕ ಚರ್ಚುಗಳ ಮಂಡಳಿಯ ಅಂತರ್ಧರ್ಮೀಯ ಸಂವಾದ ವಿಭಾಗಕ್ಕೆ ಮೊದಲ ನಿರ್ದೇಶಕರಾದ ಅವರು, ಅನೇಕ ಧರ್ಮಗ್ರಂಥಗಳು ಜೀವಂತವಾಗಿರುವ ಏಷ್ಯದಲ್ಲಿ ಬೈಬಲಿನ ಅಧಿಕಾರವನ್ನು ಪಶ್ಚಿಮದವರು ನಿರೂಪಿಸಿದ ರೀತಿಯಲ್ಲಿಯೇ ನಿರೂಪಿಸಲಾಗದೆಂದು ವಾದಿಸಿದರು. ಇದರಿಂದ ಕ್ರಿಸ್ತನ ಅನನ್ಯತೆಗೆ ಹಾನಿಯೆಂದು ಆಕ್ಷೇಪಿಸಿದವರುಂಟು. ಆ ಆಕ್ಷೇಪಣೆಯ ಹಿಂದಿನ ಶ್ರದ್ಧೆ ಹಗುರವಾದುದಲ್ಲ. ಆದರೆ ಬಂದೇನವಾಜರ ದರ್ಗಾವೂ ಶರಣಬಸವೇಶ್ವರರ ಗುಡಿಯೂ ಇರುವ ಕಲಬುರಗಿಯಲ್ಲಿ, ಕುರಾನನ್ನೋ ಶರಣರ ವಚನವನ್ನೋ ಪ್ರಮಾಣವೆಂದು ಬಾಳುವ ನೆರೆಯವನ ಮುಂದೆ ಕ್ರೈಸ್ತನು ತನ್ನ ಶಾಸ್ತ್ರವಾಕ್ಯವನ್ನು ಸಾಕ್ಷ್ಯವಾಗಿ ಇಡಬಲ್ಲನು. ತೀರ್ಪನ್ನಾಗಿ ವಿಧಿಸಹೋದರೆ ಕೇಳುವವರು ಯಾರು?